ಮಾಝು ತವರಲ್ಲಿ ಒಂದು ದಿನ

ಚೀನಾದ ಫೂಜಿಯಾನ್ ಕರಾವಳಿಯ ಮೇಝೌ ದ್ವೀಪಕ್ಕೆ ಹೋಗುವ ಲಾಂಚಿನಲ್ಲಿ ತೈವಾನಿನ ಯಾತ್ರಿಕರೇ ಜಾಸ್ತಿ ಇದ್ದರು. ಒಬ್ಬರ ತೊಡೆಯ ಮೇಲೆ ಅಂಗೈಯಗಲದ ದೇವಿಯ ವಿಗ್ರಹ ಇತ್ತು. ಅವರ ಊರಿನ ಗುಡಿಯ ಮಾಝುವನ್ನು ತವರಿಗೆ ಕರೆದುಕೊಂಡು ಬಂದಿದ್ದಾರಂತೆ.

ಮಾಝು ಸಮುದ್ರ ಕಾಯುವ ದೇವಿ. ಆದರೆ ಮೊದಲು ಇಲ್ಲಿಯ ಹುಡುಗಿ. ಹೆಸರು ಲಿನ್ ಮೋ, ಹುಟ್ಟಿದ್ದು 960ರಲ್ಲಿ ಅನ್ನುತ್ತದೆ ಐತಿಹ್ಯ. ಹುಟ್ಟಿ ಒಂದು ತಿಂಗಳು ಅಳಲೇ ಇಲ್ಲವಂತೆ. ಒಮ್ಮೆ ಅಪ್ಪ, ಅಣ್ಣಂದಿರು ಕಡಲಲ್ಲಿದ್ದಾಗ ಬಿರುಗಾಳಿ ಎದ್ದಿತು. ಮನೆಯಲ್ಲಿ ಮಗ್ಗದ ಮುಂದೆ ಕೂತಿದ್ದವಳಿಗೆ ಮೈಮೇಲೆ ಬಂದು, ಅಲ್ಲಿಂದಲೇ ಅವರನ್ನು ಹಿಡಿದುಕೊಂಡಳು. ಅಮ್ಮ ಗಾಬರಿಯಾಗಿ ಅಲುಗಾಡಿಸಿದ್ದಕ್ಕೆ ಒಬ್ಬ ಕೈಜಾರಿ ಹೋದ. ದೇವಿಯ ಕಥೆಯಲ್ಲೂ ಒಬ್ಬ ಉಳಿಯಲಿಲ್ಲ ಅನ್ನೋದೇ ನನಗೆ ಈ ಕಥೆಯನ್ನು ನಂಬುವ ಹಾಗೆ ಮಾಡುತ್ತದೆ.

987ರಲ್ಲಿ ಅವಳು ತೀರಿಕೊಂಡ ಮೇಲೆ ಊರವರು ಇಲ್ಲೇ ಚಿಕ್ಕ ಗುಡಿ ಕಟ್ಟಿದರಂತೆ. ಈಗ ಗುಡ್ಡದುದ್ದಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಗುಡಿಗಳು, ಮೇಲೆ ದೊಡ್ಡ ಕಲ್ಲಿನ ಪ್ರತಿಮೆ. ಇವೆಲ್ಲ ಇತ್ತೀಚಿನವು. ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಹಳೆಯದನ್ನು ಕೆಡವಿದ್ದರು, ಆಮೇಲೆ ಮತ್ತೆ ಕಟ್ಟಿದರು.

ಒಳಗೆ ಊದುಬತ್ತಿಯ ಹೊಗೆಗೆ ಕಣ್ಣು ಉರಿಯುತ್ತಿತ್ತು. ಒಬ್ಬ ಅಜ್ಜಿ ಮಂಡಿಯೂರಿ ಅರ್ಧಚಂದ್ರದ ಆಕಾರದ ಎರಡು ಮರದ ತುಂಡುಗಳನ್ನು ನೆಲಕ್ಕೆ ಬಿಟ್ಟರು. ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಉಬ್ಬು. ಒಂದು ಚಪ್ಪಟೆ, ಒಂದು ಉಬ್ಬು ಮೇಲೆ ಬಂದರೆ ದೇವಿ ಒಪ್ಪಿದಳು ಅಂತ. ಎರಡೂ ಚಪ್ಪಟೆಯೇ ಬಿತ್ತು. ಅಜ್ಜಿ ಏನೋ ಗೊಣಗಿ ಮತ್ತೆ ಎತ್ತಿಕೊಂಡರು. ನಮ್ಮಲ್ಲಿ ದೇವರ ತಲೆಯ ಹೂವು ಯಾವ ಕಡೆ ಬೀಳುತ್ತೆ ಅಂತ ಕಾಯ್ತಾರಲ್ಲ, ಅದೇ ಕಾತರ.

ಮೀನುಗಾರರ ದೇವಿಗೆ ದರ್ಬಾರಿನ ಬಿರುದು ಬಂದದ್ದು ಹೇಗೆ? 1123ರಲ್ಲಿ ಕೊರಿಯಾಕ್ಕೆ ಹೊರಟ, ಆಗ ಚೀನಾ ಆಳುತ್ತಿದ್ದ ಸಾಂಗ್ ವಂಶದ ರಾಯಭಾರಿಗಳ ಹಡಗುಗಳು ಬಿರುಗಾಳಿಗೆ ಸಿಕ್ಕವು. ಬದುಕಿ ಬಂದವರು ಅವಳ ಹೆಸರು ಹೇಳಿದರು, ಚಕ್ರವರ್ತಿ ಗುಡಿಗೆ ಹೆಸರಿನ ಫಲಕ ಕೊಟ್ಟ. ಚೀನಾವನ್ನು ಗೆದ್ದ ಮಂಗೋಲ ದೊರೆ ಕುಬ್ಲಾಯ್ ಖಾನ್ 1281ರಲ್ಲಿ ಸ್ವರ್ಗದ ರಾಣಿವಾಸದವಳು ಎಂದ, ಆಮೇಲೆ ಚಿಂಗ್ ಅರಸರು ಸ್ವರ್ಗದ ಮಹಾರಾಣಿ ಎಂದರು. ಧಾನ್ಯ, ಸೈನ್ಯ ಎಲ್ಲ ಹಡಗಿನಲ್ಲೇ ಸಾಗಬೇಕಿತ್ತು, ಅಲ್ವಾ? ಸುಮ್ನೆ ಯಾರು ಬಿರುದು ಕೊಡ್ತಾರೆ!

ಮೀನುಗಾರರಿಗೆ ಆ ಬಿರುದು ಬೇಡವಂತೆ. ಮಹಾರಾಣಿ ಅಂತ ಕರೆದರೆ ಕಿರೀಟ ಇಟ್ಟು, ಸಿಂಗಾರ ಮಾಡಿಕೊಂಡು ತಡವಾಗಿ ಬರ್ತಾಳೆ. ಮಾಝು ಅಂತ ಕೂಗಿದರೆ ತಲೆ ಕೂಡ ಬಾಚದೆ ಓಡಿ ಬರ್ತಾಳೆ ಅನ್ನುತ್ತಾರೆ.

ನಾಳೆ ಉತ್ತರಕ್ಕೆ, ಚಾಂಗ್ಲ ಕಡೆ ಹೋಗಬೇಕು. ಅಲ್ಲಿ ನಾವಿಕ ಝೆಂಗ್ ಹೇ 1431ರಲ್ಲಿ ಈ ದೇವಿಗೆ ಕೃತಜ್ಞತೆ ಹೇಳಿ ನಿಲ್ಲಿಸಿದ ಶಾಸನ ಇದೆ. ಅವಳ ದಯದಿಂದ ಮುಟ್ಟಿದ ಬಂದರುಗಳಲ್ಲಿ ನಮ್ಮ ಪಕ್ಕದ ಕಲ್ಲಿಕೋಟೆಯೂ ಒಂದು.