‘ನನಗೆ ಕುರ್ಚಿ ಇಲ್ಲವೇ?’

ಡೇವಿಡ್ ಲೋ ಅವರ ವ್ಯಂಗ್ಯಚಿತ್ರಗಳು ಈ ವಾರವೆಲ್ಲ ತಲೆಯಲ್ಲೇ ಕುಳಿತಿವೆ. 1938ರ ಸೆಪ್ಟೆಂಬರ್ 30ರಂದು ಲಂಡನ್ನಿನ ‘ಈವ್ನಿಂಗ್ ಸ್ಟ್ಯಾಂಡರ್ಡ್’ನಲ್ಲಿ ಬಂದ ಚಿತ್ರವನ್ನಂತೂ ಬಿಟ್ಟೇಳಲು ಮನಸ್ಸೇ ಬರುವುದಿಲ್ಲ. ಜರ್ಮನಿಯ ಹಿಟ್ಲರ್, ಬ್ರಿಟನ್ನಿನ ಪ್ರಧಾನಿ ಚೇಂಬರ್ಲೇನ್, ಫ್ರಾನ್ಸಿನ ಪ್ರಧಾನಿ ದಲಾದಿಯೇ, ಇಟಲಿಯ ಮುಸೊಲಿನಿ ನಾಲ್ವರೂ ಕುಳಿತಿದ್ದಾರೆ. ನಿಂತೇ ಇರುವ ಸೋವಿಯತ್ ನಾಯಕ ಸ್ಟಾಲಿನ್ ಕೇಳುತ್ತಿದ್ದಾನೆ: ‘ಏನು, ನನಗೆ ಕುರ್ಚಿ ಇಲ್ಲವೇ?’

ಚೆಕೊಸ್ಲೊವಾಕಿಯಾದ ಗಡಿಯ ಸುಡೆಟನ್ ಪ್ರದೇಶವನ್ನು ಹಿಟ್ಲರನಿಗೆ ಬಿಟ್ಟುಕೊಟ್ಟ ಮ್ಯೂನಿಕ್ ಮಾತುಕತೆಯಿಂದ ಸೋವಿಯತ್ ಒಕ್ಕೂಟವನ್ನು ಹೊರಗಿಟ್ಟ ಕಥೆ ಇದು ಎಂದು ಮೊದಲ ನೋಟಕ್ಕೇ ತಿಳಿಯುತ್ತದೆ. ಆದರೆ ಇಂಥ ಚಿತ್ರಗಳಲ್ಲಿ ಯಾರಿದ್ದಾರೆ ಎಂಬುದರಷ್ಟೇ ಯಾರಿಲ್ಲ ಎಂಬುದನ್ನೂ ಹುಡುಕಬೇಕು. ಸುಡೆಟನ್ ಪ್ರದೇಶವನ್ನು ಕಳೆದುಕೊಂಡ ಚೆಕೊಸ್ಲೊವಾಕಿಯಾ ಕುಳಿತವರಲ್ಲೂ ಇಲ್ಲ, ನಿಂತವರಲ್ಲೂ ಇಲ್ಲ. ಯಾರ ನೆಲವನ್ನು ಕೊಯ್ದು ಕೊಟ್ಟರೋ ಅವರಿಗೆ ಚಿತ್ರದಲ್ಲೂ ಜಾಗ ಸಿಗಲಿಲ್ಲವಲ್ಲ ಎಂದು ನನ್ನ ಹೊಟ್ಟೆ ಉರಿಯಿತು.

ತಾರೀಖನ್ನು ಮರೆತರೆ ಅರ್ಧ ಅರ್ಥವೇ ಹೋಯಿತು. 11 ತಿಂಗಳೊಳಗೆ, 1939ರ ಆಗಸ್ಟ್ 23ರಂದು, ಕುರ್ಚಿ ಸಿಗದ ಸ್ಟಾಲಿನ್ ಹಿಟ್ಲರನೊಂದಿಗೇ ಅನಾಕ್ರಮಣ ಒಪ್ಪಂದ ಮಾಡಿಕೊಂಡ. ಸೆಪ್ಟೆಂಬರ್ 20ರಂದು ಲೋ ಮತ್ತೆ ಇಬ್ಬರನ್ನೂ ಬರೆದರು: ಟೋಪಿ ಎತ್ತಿ, ಬಾಗಿ ವಂದಿಸುತ್ತಲೇ ಒಬ್ಬರನ್ನೊಬ್ಬರು ಬೈಯುತ್ತಿದ್ದಾರೆ, ನಡುವೆ ಆ ತಿಂಗಳು ಇಬ್ಬರೂ ಆಕ್ರಮಿಸಿದ ಪೋಲೆಂಡ್‌ನ ಹೆಣ ಬಿದ್ದಿದೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಇವೆರಡಕ್ಕಿಂತ ಹಳೆಯದು. 1936ರ ಜುಲೈಯಲ್ಲಿ, ಒಪ್ಪಂದದಂತೆ ಜರ್ಮನಿ ಸೇನೆ ಇಡುವಂತಿಲ್ಲದ ಗಡಿಸೀಮೆ ರೈನ್‌ಲ್ಯಾಂಡ್‌ಗೆ ಜರ್ಮನ್ ಸೇನೆ ನುಗ್ಗಿ ನಾಲ್ಕು ತಿಂಗಳಾಗಿತ್ತು. ಪ್ರಜಾಪ್ರಭುತ್ವದ ನಾಯಕರು ಸಾಲಾಗಿ ಬೆನ್ನು ಬಗ್ಗಿಸಿ ನಿಂತಿರುವಂತೆ, ಹಿಟ್ಲರ್ ಅವರನ್ನೇ ಮೆಟ್ಟಿಲಾಗಿ ತುಳಿಯುತ್ತ ನಡೆಯುವಂತೆ ಲೋ ಬರೆದಿದ್ದರು. ಅಂದು ಆ ಪುಟ ತೆರೆದವರಲ್ಲಿ ಎಷ್ಟು ಜನ ನಕ್ಕು ಮಗುಚಿದರು, ಎಷ್ಟು ಜನ ಬೆಚ್ಚಿದರು ಎಂದು ತಿಳಿಯಲು ಮನಸ್ಸು ತಹತಹಿಸುತ್ತಿದೆ.