ಕ್ಯಾಂಟನೀಸ್ ಕಲಿಕೆಯ ಟಿಪ್ಪಣಿ: ‘ಛಾವ್ ಯೌ ಯೂ’ ಕೈಗೆ ಹತ್ತಿದ ಬಗೆ

ಹಾಂಗ್‌ಕಾಂಗ್‌ನ ಕ್ಯಾಂಟನೀಸ್ ಕಲಿಯುತ್ತಿರುವ ನಾನು ಈ ತಿಂಗಳು ಹೊಸ ಪದಗಳನ್ನು ಸೇರಿಸಿಕೊಳ್ಳುವುದನ್ನು ಬದಿಗಿಟ್ಟು, ಒಂದೇ ನುಡಿಗಟ್ಟನ್ನು ಸರಿಯಾಗಿ ಬಳಸುವ ಅಭ್ಯಾಸಕ್ಕೆ ತೊಡಗಿದ್ದೇನೆ. ಅದು ‘ಛಾವ್ ಯೌ ಯೂ’. ಪದಶಃ ನೋಡಿದರೆ ಸ್ಕ್ವಿಡ್ ಅನ್ನು, ಅಂದರೆ ನಮ್ಮ ಕರಾವಳಿಯ ಬೊಂಡಾಸನ್ನು, ಹುರಿಯುವುದು. ಬಳಕೆಯಲ್ಲಿ ಯಾರನ್ನಾದರೂ ಕೆಲಸದಿಂದ ತೆಗೆಯುವುದು. ಹಿಂದೆ ಯಜಮಾನನ ಅಂಗಡಿಯಲ್ಲೇ ಮಲಗುತ್ತಿದ್ದ ಆಳುಗಳು ಹಾಸಿಗೆಯನ್ನು ತಾವೇ ತರುತ್ತಿದ್ದರು, ಕೆಲಸ ಹೋದ ದಿನ ಅದನ್ನು ಸುರುಳಿ ಸುತ್ತಿಕೊಂಡು ಹೊರಡುತ್ತಿದ್ದರು, ಬಾಣಲೆಯ ಕಾವಿಗೆ ಸ್ಕ್ವಿಡ್ ತುಂಡು ಸುರುಳಿಯಾಗುವುದೂ ಹಾಗೆಯೇ ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ.

ಅರ್ಥ ಬೇಗನೆ ದಕ್ಕಿತು. ಸಮಯ ಹಿಡಿದದ್ದು ವಾಕ್ಯರಚನೆ. ಇಲ್ಲಿ ‘ಛಾವ್’ ಕ್ರಿಯಾಪದ, ‘ಯೌ ಯೂ’ ಅದರ ಕರ್ಮ. ಕೆಲಸ ಕಳೆದುಕೊಂಡವರ ಹೆಸರು ಇವೆರಡರ ನಡುವೆ ಬರಬೇಕು, ಕ್ರಿಯೆ ಮುಗಿದದ್ದನ್ನು ಸೂಚಿಸುವ ‘ಚೊ’ ಎಂಬುದು ‘ಛಾವ್’ಗೆ ಅಂಟಿಕೊಂಡೇ ಇರಬೇಕು: ‘ಲೋವ್ ಸೈ ಛಾವ್ ಚೊ ಖೋಯ್ ಯೌ ಯೂ’, ಯಜಮಾನ ಅವನನ್ನು ಕೆಲಸದಿಂದ ತೆಗೆದ. ಕೆಲಸ ಹೋದವನ ಕಡೆಯಿಂದ ಹೇಳುವಾಗ ‘ಖೋಯ್ ಪೇಯ್ ಯನ್ ಛಾವ್ ಚೊ ಯೌ ಯೂ’, ಅಂದರೆ ಅವನು ಕೆಲಸದಿಂದ ತೆಗೆಯಲ್ಪಟ್ಟ, ಎನ್ನಬೇಕು. ಚೀನಾದ ಅಧಿಕೃತ ಭಾಷೆಯಾದ ಮ್ಯಾಂಡರಿನ್‌ನ ಕರ್ಮಣಿ ಪ್ರಯೋಗದಲ್ಲಿ ತೆಗೆದವರು ಯಾರೆಂದು ಹೇಳದೆ ಬಿಡಬಹುದು. ಕ್ಯಾಂಟನೀಸ್‌ನಲ್ಲಿ ಕರ್ಮಣಿಯನ್ನು ಸೂಚಿಸುವ ‘ಪೇಯ್’ ನಂತರ ಯಾರನ್ನಾದರೂ ಹೆಸರಿಸಲೇಬೇಕಾದ್ದರಿಂದ, ಯಾರೆಂದು ತಿಳಿಯದಿದ್ದಾಗ ‘ಯನ್’, ಅಂದರೆ ಯಾರೋ ಒಬ್ಬರು, ಆ ಜಾಗ ತುಂಬುತ್ತದೆ. ನನಗೆ ಬಹಳ ಹಿಡಿಸಿದ ಪ್ರಯೋಗವೆಂದರೆ ನೌಕರನೇ ಕೆಲಸ ಬಿಟ್ಟು ‘ಛಾವ್ ಲೋವ್ ಸೈ ಯೌ ಯೂ’ ಎನ್ನುವುದು: ಇಲ್ಲಿ ಹುರಿಯುವವನು ನೌಕರ.

ಉಚ್ಚಾರಣೆಯಲ್ಲಿ ಕನ್ನಡದ ಅಲ್ಪಪ್ರಾಣ, ಮಹಾಪ್ರಾಣಗಳ ಭೇದ ನೆರವಿಗೆ ಬರುತ್ತದೆ, ಏಕೆಂದರೆ ‘ಛಾವ್’ನ ಛಕಾರಕ್ಕೂ ‘ಚೊ’ದ ಚಕಾರಕ್ಕೂ ಇರುವ ವ್ಯತ್ಯಾಸ ಹೆಚ್ಚುಕಡಿಮೆ ಅದೇ. ಸ್ವರದ ಏರಿಳಿತಕ್ಕೆ ಮಾತ್ರ ಅಂಥ ಆಸರೆಯಿಲ್ಲ. ಮೀನು ಎಂಬರ್ಥದ ‘ಯೂ’ ಮೂಲ ಉಚ್ಚಾರಣೆಯಲ್ಲಿ ತಗ್ಗಿನಲ್ಲಿ ಇಳಿಯುತ್ತದೆ, ‘ಯೌ’ ಜೊತೆ ಸೇರಿದಾಗ ಮೇಲಕ್ಕೆ ಏರುತ್ತದೆ. ಇದನ್ನು ಪ್ರತಿದಿನ ಗಟ್ಟಿಯಾಗಿ ಹೇಳಿ, ಧ್ವನಿಮುದ್ರಿಸಿ ಕೇಳುತ್ತಿದ್ದೇನೆ.

ಎಲ್ಲಿ ಬಳಸಬಾರದು ಎಂಬುದನ್ನೂ ಇದರ ಜೊತೆಗೇ ಕಲಿಯಬೇಕು. ಇದು ಆಡುಮಾತು, ಕಚೇರಿಯ ಪತ್ರಕ್ಕೆ ‘ಕಾಯ್ ಕೂ’ ಎಂಬ ಔಪಚಾರಿಕ ಪದವಿದೆ. ಕೆಲಸ ಹೋದವರ ಎದುರು ಇದನ್ನು ಆಡುವುದು ಸೌಜನ್ಯವಲ್ಲ ಎಂದೇ ನನ್ನ ಭಾವನೆ. ಮುಂದಿನ ವಾರ ‘ಪೇಯ್’ ಬಳಸುವ ಬೇರೆ ವಾಕ್ಯಗಳನ್ನು ಅಭ್ಯಾಸಕ್ಕೆ ತೆಗೆದುಕೊಳ್ಳುತ್ತೇನೆ.