ಕೊನೆಯ ಗೇರಿನ ಲೆಕ್ಕ

12 ಜನವರಿ 2025, ಭಾನುವಾರ, ರಾತ್ರಿ

ಸೈಕಲ್ಲನ್ನು ಮನೆಯೊಳಗೇ ನಿಲ್ಲಿಸಿ ತುಳಿಯುವ ಟ್ರೈನರ್ ಮೇಲಿನ ಸವಾರಿ ಮುಗಿಸಿ ನಾನಿನ್ನೂ ಬೆವರು ಒರೆಸಿಕೊಳ್ಳುತ್ತಿದ್ದೆ, ಅಷ್ಟರಲ್ಲಿ ಮೇಷ್ಟ್ರು ಒಂದು ಹಾಳೆಯನ್ನೂ ಪೆನ್ಸಿಲನ್ನೂ ಕೇಳಿದರು. ಅವರಿಗೆ ತೋರಿಸಲೆಂದು ನಾನು ಫೋನಿನಲ್ಲಿ ತೆರೆದಿಟ್ಟಿದ್ದುದು ಒಂದು ಜೊತೆ ಕಾರ್ಬನ್ ಚಕ್ರಗಳ ವಿವರವನ್ನು. ಈಗಿರುವ ಅಲ್ಯೂಮಿನಿಯಂ ಚಕ್ರಗಳಿಗಿಂತ ಅವು 300 ಗ್ರಾಂ ಹಗುರ, ರಿಮ್ಮಿನ ಆಳವೂ ಹೆಚ್ಚು, ಜೂನ್ ಕೊನೆಯ ಫ್ರಾನ್ಸ್ ಪ್ರಯಾಣಕ್ಕೆ ಹೇಳಿ ಮಾಡಿಸಿದಂತಿವೆ ಎಂದು ನಾನು ವಿವರಿಸುತ್ತಿರುವಾಗಲೇ ಅವರು ಫೋನನ್ನು ಹಿಂದಕ್ಕೆ ಕೊಟ್ಟು, "ನಿನ್ನ ತೂಕ ಈಗ ಎಷ್ಟಿದೆ?" ಎಂದರು. 72 ಎಂದೆ. "ಸೈಕಲ್ಲು, ಬಾಟಲಿ, ಬೂಟು, ಹೆಲ್ಮೆಟ್ಟು ಎಲ್ಲ ಸೇರಿ ಇನ್ನೊಂದು ಹತ್ತು ಇಟ್ಟುಕೊಳ್ಳೋಣ" ಎಂದು ತಾವೇ ಕೂಡಿಸಿ, 82 ಎಂದು ಬರೆದು, ಅದರ ಕೆಳಗೆ ಗೆರೆ ಎಳೆದರು. ನಿವೃತ್ತರಾಗಿ ಇಷ್ಟು ಕಾಲವಾದರೂ ಅವರು ಗೆರೆ ಎಳೆಯುವುದು ಕಪ್ಪುಹಲಗೆಯ ಮೇಲೆ ಎಳೆದ ಹಾಗೆಯೇ.

ಲೆಕ್ಕ ಅಲ್ಲಿ ಹತ್ತಬೇಕೆಂದಿರುವ ಬೆಟ್ಟದ ದಾರಿ ಆಲ್ಪ್ ದುಯೆಜ್‌ನದು. ತಪ್ಪಲಿನಲ್ಲಿರುವ ಬೂರ್ ದ್ವಾಜಾನ್‌ನಿಂದ ಮೇಲಕ್ಕೆ 13.8 ಕಿಲೋಮೀಟರ್, ಸರಾಸರಿ ಏರು ಶೇ. 8.1. ತಿರುವುಗಳಿಗೆ ಕೆಳಗಿನಿಂದ 21, 20, 19 ಎಂದು ಇಳಿಮುಖವಾಗಿ ಸಂಖ್ಯೆ ಕೊಟ್ಟು, ಅಲ್ಲಿ ಗೆದ್ದವರ ಹೆಸರುಗಳನ್ನು ಫಲಕಗಳ ಮೇಲೆ ಬರೆದಿದ್ದಾರೆ; 1952ರಲ್ಲಿ ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆ ಮೊದಲ ಬಾರಿಗೆ ಈ ದಾರಿ ಹತ್ತಿದಾಗ ಗೆದ್ದ ಫೌಸ್ಟೊ ಕೊಪ್ಪಿಯ ಹೆಸರು ಎಲ್ಲಕ್ಕಿಂತ ಕೆಳಗಿನ 21ನೆಯ ತಿರುವಿನಲ್ಲಿದೆ. ಆದರೆ ಆ ಫಲಕ ಕಣ್ಣಿಗೆ ಬೀಳುವ ಮೊದಲೇ ಏರು ಆರಂಭವಾಗಿರುತ್ತದೆ, ಮತ್ತು ಮೊದಲ ಎರಡು ಕಿಲೋಮೀಟರುಗಳೇ ಶೇ. 10ರ ಆಸುಪಾಸಿನಲ್ಲಿದ್ದು, ಇಡೀ ದಾರಿಯ ಅತ್ಯಂತ ಕಠಿಣ ಭಾಗಗಳಲ್ಲಿ ಸೇರುತ್ತವೆ. ನನ್ನ ಎಫ್‌ಟಿಪಿ, ಎಂದರೆ ಸುಮಾರು ಒಂದು ಗಂಟೆ ಕಾಲ ಹೇಗೋ ತಾಳಿಕೊಳ್ಳಬಹುದಾದ ಶಕ್ತಿ, ಸದ್ಯಕ್ಕೆ 220 ವಾಟ್. ಒಂದು ಗಂಟೆಗೂ ಮೀರಿದ ಏರಿಗೆ 190 ಎಂದು ಇಟ್ಟುಕೊಂಡರು. ಚೈನಿನಲ್ಲಿ, ಟೈರಿನಲ್ಲಿ, ಗಾಳಿಯಲ್ಲಿ ಕಳೆದುಹೋಗುವುದನ್ನು ತೆಗೆದರೆ ಗುರುತ್ವಕ್ಕೆ ಎದುರಾಗಿ ಉಳಿಯುವುದು 170ಕ್ಕೆ ತುಸು ಕಡಿಮೆ. ವೇಗ ಗಂಟೆಗೆ 9 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಸಮಯ ಹತ್ತಿರ ಹತ್ತಿರ ಒಂದೂವರೆ ಗಂಟೆ.

"ಈಗ ನಿನ್ನ 300 ಗ್ರಾಂ ತೆಗೆಯೋಣ" ಎಂದರು. ತೆಗೆದರು. ಉಳಿತಾಯವಾದ ಸಮಯ ಇಪ್ಪತ್ತು ಸೆಕೆಂಡು, ಅದೂ ಪೂರ್ತಿಯಾಗಿ ಅಲ್ಲ.

ಚಕ್ರಗಳ ಪರವಾಗಿ ನಾನು ವಾದಿಸದೆ ಇರಲಿಲ್ಲ. ಆಳದ ರಿಮ್ಮುಗಳ ಪ್ರಯೋಜನ ತೂಕದಲ್ಲಿಲ್ಲ, ಗಾಳಿಯನ್ನು ಸೀಳುವುದರಲ್ಲಿದೆ, ಸಮತಟ್ಟಿನ ರಸ್ತೆಯಲ್ಲಿ ಅದು ಕಡಿಮೆಯೇನಲ್ಲ ಎಂದೆ. ಮೇಷ್ಟ್ರು ಒಪ್ಪಿಕೊಂಡರು, ಗಾಳಿಯ ವಿರುದ್ಧ ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ ಎಂಬುದನ್ನು ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ. "ಆದರೆ ನೀನು ಗಂಟೆಗೆ ಒಂಬತ್ತು ಕಿಲೋಮೀಟರ್ ಹೋಗುವಾಗ ಗಾಳಿಗೆ ನಿನ್ನ ರಿಮ್ಮು ಕಾಣಿಸುವುದೇ ಇಲ್ಲ ಮಾರಾಯ" ಎಂದು ಹಾಳೆಯನ್ನು ತಿರುಗಿಸಿ, "ಹಿಂದಿನ ದೊಡ್ಡ ಹಲ್ಲುಚಕ್ರ ಎಷ್ಟರದು?" ಎಂದು ಕೇಳಿದರು.

28 ಹಲ್ಲಿನದು. ಮುಂದೆ ಪೆಡಲಿನ ಜೊತೆ ತಿರುಗುವ ಚಿಕ್ಕ ಚೈನ್‌ರಿಂಗ್ 34. ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಸುಮಾರು 2.6 ಮೀಟರ್ ಮುಂದೆ ಹೋಗುತ್ತದೆ. ಸರಾಸರಿ ಏರಿನಲ್ಲಿ ನಿಮಿಷಕ್ಕೆ 60 ಸುತ್ತು. ಆ ಮೊದಲ ಎರಡು ಕಿಲೋಮೀಟರಿನಲ್ಲಿ ವೇಗ 8ಕ್ಕಿಂತ ಕೆಳಗಿಳಿಯುವುದರಿಂದ ಕೇವಲ 50. ಐವತ್ತು ಸುತ್ತಿನಲ್ಲಿ 190 ವಾಟ್ ಎಂದರೆ ಅದು ಸವಾರಿಯಲ್ಲ, ಒಂದೊಂದೇ ಪೆಡಲನ್ನು ತುಳಿದು ಕೆಳಗಿಳಿಸುವ ಕೆಲಸ. ಹಿಂದೆ 34ರ ಹಲ್ಲುಚಕ್ರವಿದ್ದರೆ ಹಿಂದೆಯೂ ಮುಂದೆಯೂ ಹಲ್ಲುಗಳು ಸಮ, ಒಂದು ಸುತ್ತಿಗೆ 2.1 ಮೀಟರ್ ಚಿಲ್ಲರೆ. ಅದೇ ವೇಗದಲ್ಲಿ ಸರಾಸರಿ ಏರಿಗೆ 73 ಸುತ್ತು, ಕಡಿದಾದ ಕಡೆ 61. ಪೆಡಲ್ ಮೇಲೆ ಹಾಕಬೇಕಾದ ಬಲ ಶೇ. 18ರಷ್ಟು ಇಳಿಯುತ್ತದೆ. ಶಕ್ತಿಯಂತೂ ಅಷ್ಟೇ ಬೇಕು, ಅದರಲ್ಲಿ ರಿಯಾಯಿತಿಯಿಲ್ಲ, ಆದರೆ ಹೊರೆ ಮೊಣಕಾಲು ಮತ್ತು ತೊಡೆಯ ಸ್ನಾಯುಗಳಿಂದ ಹೃದಯ ಮತ್ತು ಶ್ವಾಸಕೋಶಗಳ ಕಡೆಗೆ ಜರುಗುತ್ತದೆ, ಅವು ಮರುದಿನದ ಹೊತ್ತಿಗೆ ಬೇಗ ಸುಧಾರಿಸಿಕೊಳ್ಳುತ್ತವೆ. ಮರುದಿನ ನಾವು ಬರೆದುಕೊಂಡಿರುವುದು ಗಾಲಿಬಿಯೆ ಕಣಿವೆದಾರಿ, 2,642 ಮೀಟರ್ ಎತ್ತರ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಭಾಗಕ್ಕಿಂತಲೂ ಕಡಿಮೆಯಾದ್ದರಿಂದ ಈ 190 ವಾಟ್ ಅಲ್ಲಿ ಸಿಗುವುದಿಲ್ಲ, ಕೊನೆಯ ಗೇರು, ಎಂದರೆ ತುಳಿಯಲು ಎಲ್ಲಕ್ಕಿಂತ ಹಗುರವಾದದ್ದು, ಇನ್ನೂ ಹೆಚ್ಚು ಬೇಕಾಗುತ್ತದೆ.

ದೊಡ್ಡ ಹಲ್ಲುಚಕ್ರ ಹಾಕಿಕೊಂಡವರನ್ನು ಕಂಡರೆ ನಮ್ಮ ಗುಂಪಿನಲ್ಲಿ ನಗುವವರಿದ್ದಾರೆ. ಅವರ ಮಾತು ತೆಗೆದಾಗ ಮೇಷ್ಟ್ರು ಹೇಳಿದ ವಿಷಯ ನನಗೆ ಬಹಳ ಇಷ್ಟವಾಯಿತು. ಟೂರ್ ದ ಫ್ರಾನ್ಸ್ ಸ್ಪರ್ಧೆಯನ್ನು ಕಟ್ಟಿ ಬೆಳೆಸಿದ ಆನ್ರಿ ದೆಗ್ರಾಂಜ್‌ಗೆ ಗೇರು ಬದಲಿಸುವ ಡಿರೇಲರ್ ಎಂದರೆ ಆಗುತ್ತಿರಲಿಲ್ಲ, ಅದು ದುರ್ಬಲರ ಸಾಧನವೆಂದು ಅವರ ನಂಬಿಕೆ. ಹಾಗಾಗಿ ಆ ಕಾಲದ ಸ್ಪರ್ಧಿಗಳು ಹಿಂದಿನ ಚಕ್ರದ ಎರಡೂ ಬದಿಗೆ ಬೇರೆ ಬೇರೆ ಹಲ್ಲುಚಕ್ರ ಕೂರಿಸಿಕೊಂಡು, ಏರು ಬಂದ ಕೂಡಲೇ ಇಳಿದು, ಚಕ್ರ ಬಿಚ್ಚಿ, ಮಗ್ಗುಲು ಬದಲಿಸಿ ಮತ್ತೆ ಹತ್ತುತ್ತಿದ್ದರು. 1911ರಲ್ಲಿ ಸ್ಪರ್ಧೆ ಮೊದಲ ಬಾರಿಗೆ ಗಾಲಿಬಿಯೆ ಹತ್ತಿದ್ದೂ ಹಾಗೆಯೇ. ಡಿರೇಲರಿಗೆ ಅನುಮತಿ ಸಿಕ್ಕಿದ್ದು 1937ರಲ್ಲಿ, ದೆಗ್ರಾಂಜ್ ಉಸ್ತುವಾರಿ ಬಿಟ್ಟುಕೊಟ್ಟ ಮೇಲೆ. ಅವರ ಸ್ಮಾರಕವಿರುವುದು ಅದೇ ಗಾಲಿಬಿಯೆಯ ದಕ್ಷಿಣ ಬದಿಯಲ್ಲಿ. "34 ಹಾಕಿಕೊಂಡು ಅದರ ಮುಂದೆ ಹಾದುಹೋಗು, ನೋಡಿಕೊಳ್ಳಲಿ" ಎಂದು ಮೇಷ್ಟ್ರು ನಕ್ಕರು.

ಚಕ್ರದ ಆಸೆ ಏಕೆ ಬಂದಿತೆಂದು ಸಂಜೆಯೆಲ್ಲ ಯೋಚಿಸಿದೆ. ಸ್ಪರ್ಧೆಗಳ ಕಾಲದಲ್ಲಿ ಯಾರಿಗೂ ಏನನ್ನೂ ಕೊಳ್ಳಲು ಬಿಡುವಿರುವುದಿಲ್ಲ; ಈ ಬಿಡುವಿನ ತಿಂಗಳುಗಳಲ್ಲಿ ಮಾಡುವ ಅಭ್ಯಾಸವೋ ಕಣ್ಣಿಗೆ ಕಾಣುವಂಥದ್ದಲ್ಲ. ಎಫ್‌ಟಿಪಿಯ ಮುಕ್ಕಾಲು ಭಾಗವನ್ನು ಮೀರದಂತೆ, ಮಾತನಾಡುತ್ತಲೇ ತುಳಿಯಬಹುದಾದ ತೀವ್ರತೆಯಲ್ಲಿ ಗಂಟೆಗಟ್ಟಲೆ ಕುಳಿತಾಗ ಸ್ನಾಯುಗಳ ಒಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ, ಸೂಕ್ಷ್ಮ ರಕ್ತನಾಳಗಳು ಕವಲೊಡೆಯುತ್ತವೆ, ದೇಹ ಕೊಬ್ಬನ್ನು ಉರುವಲಾಗಿ ಬಳಸುವುದನ್ನು ಹೆಚ್ಚು ಕಲಿಯುತ್ತದೆ. ಇದೆಲ್ಲ ನಿಜ, ಆದರೆ ಟ್ರೈನರಿನ ಮುಂದಿರುವ ಪರದೆಯಲ್ಲಿ ವಾರಗಳಾದರೂ ಅದೇ 140 ವಾಟ್ ಕಾಣುತ್ತಿರುತ್ತದೆ. ಪೆಟ್ಟಿಗೆಯಲ್ಲಿ ಬರುವ ಚಕ್ರವನ್ನಾದರೆ ಕೈಯಲ್ಲಿ ಹಿಡಿದು ನೋಡಬಹುದು.

ಪರದೆಯಲ್ಲಿ ಕಾಣದ್ದು ಹೃದಯ ಬಡಿತದಲ್ಲಿ ಕಾಣುತ್ತದೆ ಎಂದು ಮೇಷ್ಟ್ರು ಹಿಂದೆಯೇ ಹೇಳಿಕೊಟ್ಟಿದ್ದರು. ಎರಡು ಗಂಟೆ ಒಂದೇ ಶಕ್ತಿಯಲ್ಲಿ ತುಳಿದು, ಮೊದಲ ಗಂಟೆಯ ಸರಾಸರಿ ಬಡಿತವನ್ನು ಎರಡನೆಯ ಗಂಟೆಯದಕ್ಕೆ ಹೋಲಿಸಬೇಕು, ವ್ಯತ್ಯಾಸ ಶೇ. 5ರ ಒಳಗಿದ್ದರೆ ತಳಹದಿ ಗಟ್ಟಿಯಾಗಿದೆ ಎಂದು ತರಬೇತುದಾರರು ಲೆಕ್ಕ ಹಿಡಿಯುತ್ತಾರೆ. ಇವತ್ತು 128 ಇದ್ದದ್ದು 137ಕ್ಕೆ ಹೋಯಿತು. ಶೇ. 7. ಕೋಣೆಯೊಳಗೆ ಎದುರುಗಾಳಿ ಇಲ್ಲದಿದ್ದರೆ ಬೆವರು ಆರುವುದಿಲ್ಲ, ಮೈ ಕಾಯುತ್ತದೆ, ಚರ್ಮಕ್ಕೆ ಹೆಚ್ಚು ರಕ್ತ ಕಳಿಸಬೇಕಾಗಿ ಬಡಿತ ಏರುತ್ತದೆ; ಆದ್ದರಿಂದ ಇನ್ನೊಂದು ಫ್ಯಾನ್ ತಂದಿಟ್ಟು ಮತ್ತೊಮ್ಮೆ ನೋಡಿದ ಮೇಲೆಯೇ ಈ ಏಳನ್ನು ನಂಬುತ್ತೇನೆ. ಈ ಚಳಿಗಾಲದಲ್ಲಿ ನನಗೆ ನಿಜಕ್ಕೂ ಬೇಕಾದ ಹೊಸ ಸಾಮಾನು ಫ್ಯಾನೇ ಇರಬಹುದು. ವಾರಕ್ಕೆರಡು ಬಾರಿಯ ಸ್ಕ್ವಾಟ್ ನಡೆದಿದೆ, ಅದರ ಬಗ್ಗೆ ಬರೆಯುವಂಥದ್ದೇನೂ ಇಲ್ಲ.

ಮೇಷ್ಟ್ರು ಹೋದ ಮೇಲೆ ಆ ಹಾಳೆಯನ್ನು ಎತ್ತಿಡುವಾಗ ಒಂದು ವಿಷಯ ಗಮನಕ್ಕೆ ಬಂದಿತು. ಎರಡೂ ಬದಿಯಲ್ಲಿ ಇರುವುದು ನನ್ನ ತೂಕ, ನನ್ನ ವಾಟ್, ನನ್ನ ಗೇರು. ಲೆಕ್ಕ ಹಾಕಲು ಕುಳಿತರೆ ಎಲ್ಲರದ್ದನ್ನೂ ಹಾಕುವ ಮನುಷ್ಯ ತಮ್ಮದನ್ನು ಒಂದು ಮೂಲೆಯಲ್ಲಿಯೂ ಬರೆದಿಲ್ಲ. "ಹಾದುಹೋಗು" ಎಂದಿದ್ದರು, "ಹಾದುಹೋಗೋಣ" ಎನ್ನಲಿಲ್ಲ. ಫೋನ್ ಮಾಡಿದೆ. ಸೈಕಲ್ ಸಾಗಿಸುವ ಪೆಟ್ಟಿಗೆಗಳ ಮಾತಿನಿಂದ ಆರಂಭಿಸಿದೆ: ಅಲ್ಲಿ ಬಾಡಿಗೆಗೆ ಪಡೆಯುವುದಕ್ಕಿಂತ ನಮ್ಮ ಸೈಕಲ್ಲುಗಳನ್ನೇ ಒಯ್ಯೋಣ, ಡಿರೇಲರ್ ಬಿಚ್ಚಿ ಬಟ್ಟೆಯಲ್ಲಿ ಸುತ್ತೋಣ, ಎಡ ಪೆಡಲಿನ ತಿರುಪು ಉಲ್ಟಾ ಇರುವುದನ್ನು ಮರೆಯುವುದು ಬೇಡ, ಎರಡು ಪೆಟ್ಟಿಗೆಗಳನ್ನು ಈಗಲೇ ಗೊತ್ತುಮಾಡೋಣವೇ ಮೇಷ್ಟ್ರೇ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಸೈಕಲ್ಲಿಗೆ 34 ಹಿಡಿಸುವುದಿಲ್ಲವಲ್ಲಪ್ಪ, ಅದರ ಡಿರೇಲರಿನಲ್ಲಿ ಚೈನು ಹಿಡಿದಿಡುವ ಕೇಜು ಗಿಡ್ಡ, 28ಕ್ಕೆ ಮುಗಿಯಿತು. ನೀನು ಹೋಗಿ ಬಾ" ಎಂದರು. ಅವರ ಮೊಣಕಾಲಿನ ಬಗ್ಗೆ ಕೇಳಬೇಕೆಂದುಕೊಂಡೆ, ಕೇಳಲಿಲ್ಲ. ಅವರು ಸೈಕಲ್ಲಿನ ಕಾರಣ ಕೊಟ್ಟಿರುವಾಗ ಬೇರೆ ಕಾರಣವನ್ನು ಹುಡುಕಿಕೊಂಡು ಹೋಗುವುದು ಸರಿಯಲ್ಲ.

ಸೈಕಲ್ಲಿನ ಕಾರಣಕ್ಕೆ ಪರಿಹಾರವಿದೆ. ಉದ್ದ ಕೇಜಿನ ಡಿರೇಲರ್, 34ರವರೆಗಿನ ಹಿಂದಿನ ಹಲ್ಲುಚಕ್ರಗಳ ಗುಚ್ಛ (ಕ್ಯಾಸೆಟ್), ಇನ್ನೊಂದಿಷ್ಟು ಕೊಂಡಿಗಳಿರುವ ಹೊಸ ಚೈನ್. ಚಕ್ರಕ್ಕೆಂದು ತೆಗೆದಿಟ್ಟ ಹಣದಲ್ಲಿ ಎರಡು ಸೈಕಲ್ಲಿಗೂ ಹಾಕಿಸಿ ಇನ್ನೂ ಉಳಿಯುತ್ತದೆ. ಇಳಿಜಾರಿಗೆ ಅವರ ರಿಮ್ ಬ್ರೇಕ್ ಸಾಕು, ರಿಮ್ಮು ಅಲ್ಯೂಮಿನಿಯಂನದೇ ಆದ್ದರಿಂದ ಕಾರ್ಬನ್ನಿನಷ್ಟು ಬಿಸಿಗೆ ಹೆದರಬೇಕಾಗಿಲ್ಲ, ಪ್ಯಾಡ್ ಮಾತ್ರ ಹೊಸದಿರಲಿ. ಡಿರೇಲರ್ ಆರಿಸುವ ಮೊದಲು ಅವರ ಶಿಫ್ಟರ್, ಎಂದರೆ ಗೇರು ಬದಲಿಸುವ ಹಿಡಿ, 10 ಸ್ಪೀಡಿನದೋ 11ರದೋ ತಿಳಿಯಬೇಕು, ಏಕೆಂದರೆ ಒಂದೊಂದು ಕ್ಲಿಕ್ಕಿಗೆ ಕೇಬಲ್ ಎಳೆಯುವ ಉದ್ದ ಎರಡರಲ್ಲಿಯೂ ಒಂದೇ ಅಲ್ಲ. ನೇರವಾಗಿ ಕೇಳಿದರೆ ಬೇಡವೆಂದೇ ಹೇಳುತ್ತಾರೆ. ಮುಂದಿನ ಸವಾರಿಯಲ್ಲಿ ಅವರ ಹಿಂದೆಯೇ ಇದ್ದು ಹಲ್ಲುಚಕ್ರಗಳನ್ನು ಎಣಿಸಿಕೊಳ್ಳಬೇಕು. ಹನ್ನೊಂದಾದರೆ ನನ್ನದರಂಥದ್ದೇ ಹೊಂದುತ್ತದೆ, ಹತ್ತೇ ಆಗಿದ್ದರೆ ಶಿಫ್ಟರನ್ನೂ ಬದಲಿಸಬೇಕಾದೀತೇ, ಅಥವಾ ಹಳೆಯ ಮೌಂಟನ್ ಬೈಕಿನ 9 ಸ್ಪೀಡ್ ಡಿರೇಲರನ್ನು ಹಾಕಿ ನೋಡಬಹುದೇ, ತಿಳಿಯಬೇಕು.